ಬಲಕ್ಕೆ ಸರಿದ ದಿಂಬು

ದಡ್ಡಿಯ ಬಳಿ ಘಟಪ್ರಭೆಯ ಹಿನ್ನೀರಿನಲ್ಲಿ ಬೆಳಿಗ್ಗೆ ಏಳಕ್ಕೆ ಲಖನನ ಶವ ಸಿಕ್ಕಿತು. ದಡದ ಜಾಲಿಗಿಡಕ್ಕೆ ಅಂಗಿ ಸಿಕ್ಕಿಕೊಂಡಿತ್ತು. ನಡುನೀರಿನಲ್ಲಿ ಅವನ ರೇಸಿನ ದೋಣಿ ಮಗುಚಿ ತೇಲುತ್ತಿತ್ತು. ಇಪ್ಪತ್ತೆರಡರ ಹುಡುಗ. ಮುಂದಿನ ವಾರ ರಾಷ್ಟ್ರೀಯ ಸ್ಪರ್ಧೆಗೆ ಹೊರಡಬೇಕಿದ್ದವನು.

ಪಿಎಸ್‌ಐ ಸುಜಾತಾ ಬಂದಾಗ ಅವನ ತಂದೆ ಸಿದ್ರಾಯ ಕಲ್ಲಿನ ಮೇಲೆ ಕುಳಿತಿದ್ದರು. ಅಳುತ್ತಿರಲಿಲ್ಲ. ಯಾರೋ ಕೊಟ್ಟ ಚಹಾ ಕೈಯಲ್ಲೇ ಆರಿತ್ತು.

"ಒಬ್ಬನೇ ಪ್ರಾಕ್ಟೀಸಿಗೆ ಹೋಗಿ ಮುಳುಗ್ಯಾನ್ರಿ ಮೇಡಂ," ಎಂದ ಕೋಚ್ ಶಿವಾನಂದ.

"ನೀವು ಅವನ ಜೋಡಿ ಇರಲಿಲ್ಲೇನ್ರಿ?"

"ನಾ ದೋಣಿ ಹತ್ತೂದು ಬಿಟ್ಟು ಆರು ವರ್ಷ ಆತ್ರಿ. ಬೆನ್ನು ನೋವು."

ಸುಜಾತಾ ದೋಣಿಯನ್ನು ದಡಕ್ಕೆ ತರಿಸಿದಳು. ಒಳಗೆ ಮೊಣಕಾಲು ಊರುವ ಫೋಮ್ ದಿಂಬು ಬಲಬದಿಗೆ ಅಂಟಿಕೊಂಡಿತ್ತು. ಫೋಟೋ ತೆಗೆದುಕೊಂಡಳು.

* * *

ಮಧ್ಯಾಹ್ನ ಹುಕ್ಕೇರಿಯಿಂದ ಡಾಕ್ಟರ ಫೋನ್ ಬಂತು. ಹಿಂದಲೆಗೆ ಪೆಟ್ಟು. ಸತ್ತದ್ದು ನೀರು ಕುಡಿದು. ಎಡ ಮೊಣಕಾಲಿನ ಮೇಲೆ ದಪ್ಪ ಜಡ್ಡು, ಬಲಕ್ಕೆ ಏನೂ ಇಲ್ಲ.

ಹಿಂದಿನ ಸಂಜೆ ಲಖನನೊಂದಿಗೆ ಜಗಳವಾಡಿದ್ದವನು ತಂಡದ ಬಸವಲಿಂಗ. ಅವನನ್ನು ಠಾಣೆಗೆ ಕರೆಸಿದಳು.

"ಹೌದ್ರಿ, ಜಗಳಾಡಿದ್ದೆ. ಟೀಮಿಗೆ ಎಡಗಡೆ ಹುಟ್ಟು ಹಾಕಾಂವ ಒಬ್ಬನ ಸಾಕು. ಅವನೂ ಎಡಗಡೆ, ನಾನೂ ಎಡಗಡೆ."

"ಹ್ಯಾಂಗ ಕುಂಡರ್ತೀ, ತೋರಸು."

ಅವನು ಎಡ ಮೊಣಕಾಲು ನೆಲಕ್ಕೂರಿ ಬಲಪಾದ ಮುಂದಿಟ್ಟ. "ಹುಟ್ಟು ಹಾಕೂ ಬದಿ ಮೊಣಕಾಲ ಊರಬೇಕ್ರಿ. ನಡಾ ತಿರುವಿದ್ರ ಜೋರು ಬರತೈತಿ. ಬರೇ ತೋಳಿಲೆ ದೋಣಿ ಓಡಂಗಿಲ್ಲ."

"ಬದಿ ಬದಲಿಸಿದ್ರ?"

"ಹತ್ತು ಮಾರು ಹೋಗೂದ್ರಾಗ ಮಗಚತೈತ್ರಿ."

* * *

"ಪ್ಯಾಂಟು ಮ್ಯಾಲ ಮಾಡ್ರಿ," ಸುಜಾತಾ ಸಂಜೆ ಠಾಣೆಯಲ್ಲಿ ಶಿವಾನಂದನಿಗೆ ಹೇಳಿದಳು.

ಬಲ ಮೊಣಕಾಲಿನ ಹಳೆಯ ಕಪ್ಪು ಜಡ್ಡಿನ ಮೇಲೆ ಚರ್ಮ ಹೊಸದಾಗಿ ಸುಲಿದಿತ್ತು.

"ಆರು ವರ್ಷ ದೋಣಿ ಹತ್ತಿಲ್ಲ ಅಂದ್ರಿ, ಈ ಗಾಯ ಹೊಸಾದು. ಲಖನನ್ನ ದಂಡಿ ಮ್ಯಾಲಿಂದನ ನೀರಿಗೆ ದೂಡೀರಿ. ಮುಳುಗಿದಂಗ ಕಾಣಲಿ ಅಂತ ದೋಣಿ ನಡುನೀರಿಗೆ ಒಯ್ದು ಮಗುಚಿ, ಈಜಿ ಬಂದ್ರಿ. ನೀವು ಬಲಗಡೆಯವರು. ದಿಂಬು ಸರಿಸದ ನಿಮಗ ಕುಂಡರಾಕ ಆಗಲಿಲ್ಲ. ಲಖನ ಆಗಲಿ, ಬಸವಲಿಂಗ ಆಗಲಿ, ಅದನ್ನ ಬಲಕ್ಕ ಹಚ್ಚೂದು ಯಾಕ?"

ಶಿವಾನಂದ ಬೆಂಚಿನ ಮೇಲೆ ಕುಳಿತ.

"ಹುಡುಗರಿಗೆ ತಾಕತ್ತು ಬರಲಿ ಅಂತ ಬ್ಯಾನ್ ಇದ್ದ ಔಷಧದ ಸೂಜಿ ಹಾಕ್ತಿದ್ದೆ. ಲಖನ ದೋಣಿ ಸಂಘಕ್ಕ ಹೇಳ್ತೇನಿ ಅಂದಾ. ಸಿಟ್ಟಿನ್ಯಾಗ ಹುಟ್ಟಿಲೆ ಒಂದು ಹೊಡದೆ. ಸತ್ತಾ ಅಂತ ತಿಳಕೊಂಡೆ."

"ಸತ್ತಿರಲಿಲ್ರಿ. ನೀರಾಗ ಉಸಿರಾಡ್ಯಾನ."

ಅವನು ತನ್ನ ಮೊಣಕಾಲನ್ನೇ ನೋಡುತ್ತ ಕುಳಿತ.

* * *

ಸುಜಾತಾ ಹೊರಗೆ ಬಂದು, ಕಾಯುತ್ತಿದ್ದ ಸಿದ್ರಾಯರಿಗೆ ಎಲ್ಲವನ್ನೂ ಹೇಳಿದಳು. ಯಾವುದನ್ನೂ ಮುಚ್ಚಿಡಲಿಲ್ಲ. ಅವರು ಬೇರೆ ಯಾರದೋ ಮನೆಯ ಸುದ್ದಿಯಂತೆ ಕೇಳಿಸಿಕೊಂಡರು. ತಲೆಯಾಡಿಸಿದರು.

"ಇನ್ನ ಅವನ್ನ ಮಣ್ಣು ಮಾಡಾಕ ಒಯ್ಯಬಹುದೇನ್ರಿ?" ಎಂದು ಕೇಳಿದರು.