ಗುಲ್ನಾಜಳ ಹಳೇ ಸ್ಕ್ಯಾನ್

ಹುಬ್ಬಳ್ಳಿಯ ಆ ಸ್ಕ್ಯಾನ್ ಸೆಂಟರಿನ ಕಂಪ್ಯೂಟರಿನಲ್ಲಿ ಗುಲ್ನಾಜಳ ಹೋದ ವರ್ಷದ ಸ್ಕ್ಯಾನ್ ಇರಲಿಲ್ಲ! ಅವಳ ಕೊರಳಿನ ಗಂಟು ಬೆಳೆದಿದೆಯೋ ಇಲ್ಲವೋ ಎಂದು ಡಾಕ್ಟರು ಈ ಸಲದ ಸ್ಕ್ಯಾನನ್ನು ಅದರೊಂದಿಗೆ ಹೋಲಿಸಿ ನೋಡಬೇಕಿತ್ತು. ಸಿಗದಿದ್ದರೆ ಕಾಯುವುದು ಬೇಡ, ಆಪರೇಶನ್ ಮಾಡಿಬಿಡೋಣ ಎಂದಿದ್ದರು.

"ಈ ಕುಮಾರಸ್ವಾಮಿನ ಅಳಿಸ್ಯಾನರಿ," ಎಂದ ಅತುಲ. ಸೆಂಟರಿನ ಪ್ರೋಗ್ರಾಮ್ ಬರೆದವನು. ಬೆರಳು ತೋರಿಸುವುದರಲ್ಲಿ ಬಲು ಚುರುಕು.

ಕೌಂಟರಿನ ಕುಮಾರಸ್ವಾಮಿಯ ಮುಖ ಸಪ್ಪಗಾಯಿತು. "ಖರೇನ ಹೇಳತೇನ್ರಿ ಮೇಡಮ್, ಹೆಸರು ಟೈಪ್ ಮಾಡಿ ಸೇವ್ ಮಾಡೇನಿ. ಆಮ್ಯಾಲೆ ಮುಟ್ಟಿಲ್ಲ."

ಮೇಡಮ್ ಎಂದರೆ ಸುಮೇಧಾ. ಕಳೆದುಹೋದ ಫೈಲು ಹುಡುಕಿಕೊಡುವುದೇ ಆಕೆಯ ಕಸುಬು.

"ಮೊದಲೂ ಹಿಂಗ ಆಗಿತ್ತೇನು?"

"ದುರಗವ್ವಂದು, ಶರೀಫಾಬಿದು ಹಳೇವು ಬೇಕಾದಾಗ ಸಿಗಲಿಲ್ರಿ."

"ಗಂಡಸರದು?"

"ಒಂದೂ ಹೋಗಿಲ್ರಿ."

ಅತುಲ ನಕ್ಕ. "ಹೆಣ್ಣು, ಗಂಡು ಕಂಪ್ಯೂಟರಿಗೆ ಹೆಂಗ ಗೊತ್ತಾಗತೈತ್ರಿ?"

ಸುಮೇಧಾ ಕೌಂಟರಿನತ್ತ ತಿರುಗಿದಳು. "ಕುಮಾರಸ್ವಾಮಿಯವರ, ಇಲ್ಲಿ ಬರೂಕಿಂತ ಮೊದಲ ಏನ್ ಮಾಡತಿದ್ರಿ?"

"ತಹಸೀಲ್ದಾರ ಆಫೀಸಿನ ಮುಂದ ಅರ್ಜಿ ಬರದು ಕೊಡತಿದ್ನಿರಿ."

"ಗುಲ್ನಾಜ ಅವರ ಹೆಸರು ಟೈಪ್ ಮಾಡಿ ತೋರಸ್ರಿ."

ಅರ್ಜಿಯಲ್ಲಿ ಬರೆಯುವಂತೆಯೇ ಬಂತು — ಗುಲ್ನಾಜ W/o ಅಜೀಮ.

"ಗಂಡಸರಿಗೆ?"

"ಹೆಸರು, ಅಡ್ಡಹೆಸರು ಅಷ್ಟರಿ. ಹೆಣ್ಮಕ್ಕಳಿಗೆ ಗಂಡನ ಹೆಸರು ಹಾಕಬೇಕಲ್ಲರಿ?"

"ಸಿಕ್ಕತು!" ಸುಮೇಧಾ ಪರದೆಗೆ ಬೆರಳಿಟ್ಟಳು. "ನಡುವಿನ ಈ ಓರೆಗೆರಿ ಬಂದ್ರ, ಅದಕ್ಕಿಂತ ಮೊದಲಿಂದು ಫೋಲ್ಡರಿನ ಹೆಸರು ಅಂತ ಕಂಪ್ಯೂಟರ್ ತಿಳಕೊಂತೈತಿ. 'ಗುಲ್ನಾಜ W' ಅಂತ ಒಂದು ಫೋಲ್ಡರ್ ಮಾಡಿ, ಸ್ಕ್ಯಾನ್ ಅದರಾಗ ಇಟ್ಟೈತಿ. ನಿಮ್ಮ ಪಟ್ಟಿ ಫೋಲ್ಡರ್ ತೋರಸೂದಿಲ್ಲ."

ಫೋಲ್ಡರ್ ತೆರೆದಳು. ಸ್ಕ್ಯಾನ್ ಅಲ್ಲೇ ಇತ್ತು.

"ಹಂಗಾದ್ರ ತಪ್ಪು ಇವಂದ ಆತಲ್ಲರಿ!" ಎಂದ ಅತುಲ.

"ಅವರು ಎಲ್ಲಾರೂ ಬರಿಯೂ ಹಂಗ ಬರದಾರ. ಕೊಟ್ಟ ಹೆಸರು ಪರೀಕ್ಷೆ ಮಾಡದ ಒಳಗ ಬಿಟ್ಟಾವರು ನೀವು. ಇಂಥ ಗುರುತು ಬಂದ್ರ ತಡದು, ಬ್ಯಾರೆ ಹೆಸರು ಕೇಳಬೇಕಿತ್ತು. ಅಪರಾಧಿ ನೀವ, ಅತುಲ."

ಅತುಲ ಪ್ರೋಗ್ರಾಮ್ ತಿದ್ದಲು ಕೀಬೋರ್ಡ್ ಎಳೆದುಕೊಂಡ. ಕುಮಾರಸ್ವಾಮಿಗೆ ಹೋದ ಜೀವ ಬಂದಂತಾಯಿತು.

ಡಾಕ್ಟರು ಎರಡೂ ಸ್ಕ್ಯಾನ್ ಪಕ್ಕಪಕ್ಕ ಇಟ್ಟು ನೋಡಿದರು. "ಇದ್ದಷ್ಟ ಐತಿ, ಬೆಳದಿಲ್ಲ. ಆಪರೇಶನ್ ಬ್ಯಾಡ."

ಬೆಳಗಿನಿಂದ ನಿಂತೇ ಇದ್ದ ಗಂಡ ಅಜೀಮ ಬೆಂಚಿನ ಮೇಲೆ ಕುಸಿದು ಕೂತು ಕರವಸ್ತ್ರದಿಂದ ಮುಖ ಒರೆಸಿಕೊಂಡ. ಗುಲ್ನಾಜ ಕಣ್ಣೀರಿನಲ್ಲೇ ನಗುತ್ತ ಕೌಂಟರಿಗೆ ಬಂದಳು.

"ಅಣ್ಣಾ, ಇನ್ನಮ್ಯಾಲೆ ನನ್ನ ಹೆಸರಷ್ಟ ಬರೀರಿ. ಇವರು ಹೆಂಗೂ ನನ್ನ ಜೋಡಿ ಬಂದ ಬರ್ತಾರ."