ಎಡಗಾಲಿನ ಪೆಂಡೆಯ

ಕುಂಜರಕೋಟೆಯ ಆನೆಬಾಗಿಲಲ್ಲಿ ಅಂದು ಬೆಳಗಿನಿಂದಲೇ ಕಹಳೆಗಳು ಮೊಳಗುತ್ತಿದ್ದವು. ಹೂವಾಡಗಿತ್ತಿಯರ ಬುಟ್ಟಿಗಳಿಂದ ಸೇವಂತಿಗೆಯ ಕಂಪು ರಾಜಬೀದಿಯ ಉದ್ದಕ್ಕೂ ಹರಡಿತ್ತು. ಮಾಂಡಲಿಕರು ತಮ್ಮ ಕತ್ತಿಗಳನ್ನು ಬಾಗಿಲಲ್ಲೇ ಒಪ್ಪಿಸಿ ಬರಿಗೈಯಲ್ಲಿ ಒಡ್ಡೋಲಗಕ್ಕೆ ನಡೆಯುತ್ತಿದ್ದರು. ಸಭೆಯೊಳಗೆ ಆಯುಧ ಧರಿಸುವ ಹಕ್ಕು ಆ ರಾಜ್ಯದಲ್ಲಿ ಒಬ್ಬನಿಗೇ ಇತ್ತು. ಅವನು ಲೆಂಕ, ಅರಸನಿಗೆ ಪ್ರಾಣವನ್ನೇ ಮುಡಿಪಿಟ್ಟ ಮೈಗಾವಲಿನವನು, ಎಡಗಾಲಿಗೆ ಪೆಂಡೆಯವೆಂಬ ಕಿರುಗೆಜ್ಜೆಯ ಬಿರುದಿನ ಕಡಗ ತೊಟ್ಟವನು.

ಲೆಂಕ ಕಾವಣ ನಾಯಕ ಆ ಪೆಂಡೆಯವನ್ನು ಕಳಚಿಡಲೆಂದೇ ಅಂದು ಸಭೆಗೆ ಬಂದಿದ್ದ.

ತಿಂಗಳಿನಿಂದ ಅವನ ಎಡ ಮೀನಖಂಡ ತನ್ನಷ್ಟಕ್ಕೆ ತಾನೇ ಅದುರುತ್ತಿತ್ತು. ಕುಳಿತರೆ ಅದುರುವುದು, ಮಲಗಿದರೆ ಚರ್ಮದಡಿಯಲ್ಲಿ ಹುಳು ಹರಿದಂತೆ ಮಿಡುಕುವುದು, ಒಮ್ಮೊಮ್ಮೆ ತೊಡೆಗೂ ರೆಪ್ಪೆಗೂ ನೆಗೆಯುವುದು. ಗಂಡಸಿಗೆ ಎಡಮೈ ಅದುರಿದರೆ ಕೇಡೆನ್ನುತ್ತಾರೆ. ಕಾವಣನಿಗೆ ಶಕುನದ ಭಯವಿರಲಿಲ್ಲ, ತಂದೆಯ ನೆನಪಿನ ಭಯವಿತ್ತು. ಆ ಮಹಾವೀರ ಮೈಯೆಲ್ಲ ಸೊರಗಿ, ತುತ್ತು ನುಂಗಲೂ ಆಗದೆ ಸತ್ತಿದ್ದ. ಕಾವಣ ಕದ್ದು ಕದ್ದು ಎರಡು ಕಾಲುಗಳನ್ನೂ ಗೇಣು ಹಾಕಿ ಅಳೆಯುತ್ತಿದ್ದ. ಅಳೆದಷ್ಟೂ ಎಡಗಾಲು ಬಡವಾದಂತೆಯೇ ತೋರುತ್ತಿತ್ತು.

ಹೇಳಿಕೊಂಡದ್ದು ರಾಜವೈದ್ಯ ಪದ್ಮಾಕರ ಪಂಡಿತನೊಬ್ಬನಲ್ಲಿ. ಪಂಡಿತ ನಾಡಿ ಹಿಡಿದು ನಿಟ್ಟುಸಿರಿಟ್ಟ. "ತಂದೆಯವರ ವ್ಯಾಧಿಯೇ, ನಾಯಕರೇ. ಮಡದಿಗೂ ಹೇಳಬೇಡಿ. ಒಡ್ಡೋಲಗದ ದಿನ ಗೌರವದಿಂದ ಪೆಂಡೆಯ ಇಳಿಸಿಬಿಡಿ" ಎಂದ. ಮೊದಲೇ ಹೆದರಿದವನಿಗೆ ಹಗ್ಗವನ್ನು ಹಾವೆಂದು ತೋರಿಸಲು ಎಷ್ಟು ಪಾಂಡಿತ್ಯ ಬೇಕು?

ಸಿಂಹಾಸನದಲ್ಲಿ ಇರುಗದೇವರಸ, ಬಲಕ್ಕೆ ಮಹಾಪ್ರಧಾನ ಗೋವರಸ, ಅವನ ಪಕ್ಕಕ್ಕೆ ಅವನ ತಂಗಿಯ ಮಗ ಮಲ್ಲಿದೇವ.

"ಪ್ರಭು, ಈ ಕಾಲು ಇನ್ನು ತಮ್ಮ ಬೆನ್ನು ಕಾಯಲಾರದು" ಎಂದ ಕಾವಣ.

ಅರಸ ದಿಗ್ಭ್ರಾಂತನಾದ. ಆದರೆ ಗೋವರಸನ ಉತ್ತರ ಸಿದ್ಧವಿತ್ತು. "ಶೋಕಿಸಬೇಡಿ, ಪ್ರಭು. ನನ್ನ ಅಳಿಯ ಲೆಂಕನಾಗಿ ಈಗಲೇ ಆಣೆಯಿಡುತ್ತಾನೆ."

ಕಾವಣ ಬಗ್ಗಿ ಪೆಂಡೆಯದ ಕೀಲಿಗೆ ಕೈಹಾಕಿದ. ತಲೆ ತಗ್ಗಿದ್ದರಿಂದಲೇ ಅವನಿಗೆ ಅದು ಕಂಡಿತು: ಮಲ್ಲಿದೇವನ ಪಂಚೆಯಂಚಿನ ಕೆಳಗೆ, ಎಡಗಾಲಿಗೆ ಸುತ್ತಿದ, ಒದ್ದೆಯಾರದ ಅರಿಶಿನದ ಬಟ್ಟೆ.

ಲೆಂಕನಾಗುವವನು ಸೂರ್ಯೋದಯಕ್ಕೆ ಮಿಂದು, ಕುಲದೇವತೆಯ ಮುಂದೆ ಆ ಬಟ್ಟೆ ಸುತ್ತಿಕೊಳ್ಳಬೇಕು. ಅದರ ಮೇಲೆಯೇ ಪೆಂಡೆಯ. ಹಳೆಯ ಲೆಂಕ ಪೆಂಡೆಯ ಇಳಿಸಿದ ಮರುದಿನ ಆಗುವ ಕಾರ್ಯವದು. ದ್ರೋಹಕ್ಕೂ ಮುಹೂರ್ತ ನೋಡುವ ಜನ ಇವರು! ಪೆಂಡೆಯ ಇಂದೇ ತೊಡುವ ಆತುರವಿದ್ದರೂ, ಶಾಸ್ತ್ರ ತಪ್ಪಿದರೆ ದೇವರು ಮುನಿದಾನೆಂಬ ಅಂಜಿಕೆಯಿಂದ ಮಲ್ಲಿದೇವ ಬೆಳಗಿಗೇ ಅದನ್ನು ಸುತ್ತಿಕೊಂಡು ಬಂದಿದ್ದ.

ಮಡದಿಗೂ ಹೇಳದ ಮಾತು ಇವನಿಗೆ ಹೇಗೆ ತಿಳಿಯಿತು?

ಕಾವಣನ ನೆತ್ತಿಗೆ ನೆತ್ತರೇರಿತು. ಒಂದೇ ನೆಗೆತಕ್ಕೆ ಮಲ್ಲಿದೇವನ ನಡುಪಟ್ಟಿ ಹಿಡಿದೆಳೆದ. ಠಣ್ಣನೆ ನೆಲಕ್ಕೆ ಬಿದ್ದದ್ದು ಬಚ್ಚಿಟ್ಟ ಕಿರುಗತ್ತಿ! ಅದನ್ನೆತ್ತಿ ಅರಸನತ್ತ ಧಾವಿಸಿದ ಮಲ್ಲಿದೇವನನ್ನು ಕಾವಣ ಅದುರುವ ಎಡಗಾಲಿನಿಂದಲೇ ಒದ್ದು ಕೆಡವಿದ. ಭಟರು ಮಾವನನ್ನೂ ಅಳಿಯನನ್ನೂ ಹೆಡೆಮುರಿ ಕಟ್ಟಿದರು.

ಪಂಡಿತ ಕಂಬದ ಹಿಂದೆ ಸರಿಯುತ್ತಿದ್ದ. ಕಾವಣ ಅವನ ಉತ್ತರೀಯವನ್ನು ಹಿಡಿದೆಳೆದ.

"ಹೇಳಿ, ಪಂಡಿತರೇ! ನನಗೇನು ರೋಗ?"

"ರೋಗವೇ ಇಲ್ಲ, ನಾಯಕರೇ! ತಂದೆಯವರಿಗೆ ಮೊದಲು ಕುಂದಿದ್ದು ಬಲ. ನಿಮ್ಮ ಬಲ ಕುಂದಿಲ್ಲ. ಇದು ನಿದ್ದೆಗೆಟ್ಟ ಮೈಯ ಅದುರಾಟ, ಭಯದಿಂದ ಹೆಚ್ಚಿತಷ್ಟೆ. ಪ್ರಧಾನರ ಅಪ್ಪಣೆ... ಕ್ಷಮಿಸಿ!"

"ಕ್ಷಮೆಯೇ? ನನ್ನ ಮಕ್ಕಳನ್ನು ಎತ್ತಿಕೊಂಡಾಗಲೆಲ್ಲ ಇದೇ ಕಡೆಯ ಸಲವೆಂದು ಅತ್ತಿದ್ದೇನೆ! ಕತ್ತಿಯಿಂದ ಇರಿದಿದ್ದರೆ ಮರೆಯುತ್ತಿದ್ದೆ. ನಾಡಿ ಹಿಡಿದ ಕೈಯಿಂದಲೇ ಇರಿದಿರಲ್ಲ, ಥೂ!"

ಅರಸ ಸಿಂಹಾಸನದಿಂದಿಳಿದು ಬಂದು ಲೆಂಕನ ಹೆಗಲ ಮೇಲೆ ಕೈಯಿಟ್ಟ. ನಿಶ್ಶಬ್ದವಾಗಿದ್ದ ಸಭೆಯಲ್ಲಿ ಕಿರುಗೆಜ್ಜೆಯ ಸದ್ದು ಎಲ್ಲರಿಗೂ ಕೇಳಿಸಿತು.

"ಇನ್ನೂ ಅದುರುತ್ತಿದೆಯಲ್ಲ, ನಾಯಕರೇ" ಎಂದ ಅರಸ.

ಕಾವಣ ತನ್ನ ಕಾಲನ್ನು ನೋಡಿದ. ಸಿಟ್ಟು ಇಳಿದಿರಲಿಲ್ಲ, ಆದರೆ ಗೇಣು ಹಾಕಿ ಅಳೆಯಲು ಕೈ ಹೋಗಲಿಲ್ಲ.

"ಅದರ ಪಾಡಿಗೆ ಅದು ಅದುರಲಿ, ಪ್ರಭು" ಎಂದು ಅರಸನ ಬೆನ್ನಹಿಂದೆ ಹೋಗಿ ನಿಂತ. "ನನಗೆ ಕಾವಲಿನ ಕೆಲಸವಿದೆ."