ಭಾನುವಾರದ ಬ್ಯಾಕಪ್
ನಮ್ಮ ಆಸ್ಪತ್ರೆಯ ಡೇಟಾಬೇಸು ಫೈಲುಗಳಲ್ಲಿಲ್ಲ, ಡಿಸ್ಕಿನ ರಾ ಪಾರ್ಟಿಷನ್, ಅಂದರೆ ಫೈಲುಗಳೇ ಇಲ್ಲದ ಬರಿಯ ಭಾಗದ ಮೇಲೇ ನೇರವಾಗಿ ಇದೆ. ಗುರುವಾರ ಮಧ್ಯಾಹ್ನ ಆ ಡಿಸ್ಕು ಕೈಕೊಟ್ಟಿತು. ಅದನ್ನು ನೋಡಿಕೊಳ್ಳುವ ನಾನು ಭಾನುವಾರದ ಬ್ಯಾಕಪ್ಪನ್ನು ಇದ್ದಹಾಗೇ ಹೊಸ ಡಿಸ್ಕಿಗೆ ಇಳಿಸಿದೆ. ಮಂಗಳವಾರ ತೀರಿಕೊಂಡಿದ್ದ ನನ್ನ ಅಕ್ಕ ಪರದೆಯ ಮೇಲೆ ಮತ್ತೆ ಒಳರೋಗಿಯಾಗಿದ್ದಳು.

ಅಷ್ಟರಲ್ಲಿ ವಾರ್ಡಿನ ನರ್ಸ್ ಫೋನ್ ಮಾಡಿದಳು. "ಅಣ್ಣಾ, ನಿಮ್ಮಕ್ಕ ಇದ್ದ ಹಾಸಿಗೆಯ ಕರೆಗಂಟೆ ನಿಲ್ತಾನೇ ಇಲ್ಲ. ಅಲ್ಲಿ ಯಾರೂ ಇಲ್ಲ."

ಓಡಿದೆ. ಖಾಲಿ ಹಾಸಿಗೆ ಬೆಚ್ಚಗಿತ್ತು.

"ಬಂದೆ ಅಕ್ಕಾ, ಇಲ್ಲೇ ಇದೀನಿ," ಅಂದೆ. ಗಂಟೆ ನಿಂತಿತು. ಸ್ವಲ್ಪ ಹೊತ್ತು ಅಲ್ಲೇ ಕೂತೆ.

ಕೆಲಸ ಬಿಡುವಂತಿರಲಿಲ್ಲ. ವಾಪಸ್ಸು ಬಂದು, ಭಾನುವಾರದ ನಂತರದ್ದನ್ನೆಲ್ಲ ಮತ್ತೆ ತುಂಬುತ್ತ, ಅಕ್ಕನ ಹೆಸರಿನ ಎದುರು 'ಮರಣ' ಎಂದು ಒತ್ತಿದೆ.

ಮತ್ತೆ ಫೋನು ಬಂತು.

"ಹಾಸಿಗೆ ತಣ್ಣಗಾಯ್ತು ಅಣ್ಣಾ," ಅಂದಳು ನರ್ಸ್ ಮೆಲ್ಲಗೆ. "ಆದ್ರೆ ದಿಂಬು ಒದ್ದೆಯಾಗಿದೆ."